ತಕ್ಕಡಿ ಹಿಡಿದವನ ಪಾಲು: 'ಪಾಯಿಂಟ್ ಸ್ಪ್ರೆಡ್' ಬಾಜಿಯನ್ನು ಅರಿಯೋಣ

ಎರಡು ಬೆಕ್ಕುಗಳು ಬೆಣ್ಣೆಗಾಗಿ ಜಗಳವಾಡಿ, ನ್ಯಾಯ ಕೇಳಲು ಕೋತಿಯ ಬಳಿಗೆ ಹೋದ ಕಥೆಯನ್ನು ನಾವೆಲ್ಲರೂ ಬಾಲ್ಯದಲ್ಲಿ ಕೇಳಿದ್ದೇವೆ. ಕೋತಿ ತಕ್ಕಡಿ ತಂದಿತು. ಭಾರವಾದ ತಟ್ಟೆಯಿಂದ ಸ್ವಲ್ಪ ತಿಂದಿತು. ಈಗ ಇನ್ನೊಂದು ತಟ್ಟೆ ಭಾರವಾಯಿತು. ಅದರಿಂದಲೂ ಸ್ವಲ್ಪ ತಿಂದಿತು. ಸಮ ಮಾಡುತ್ತಾ ಮಾಡುತ್ತಾ ಬೆಣ್ಣೆ ಮುಗಿಯಿತು. ಬೆಕ್ಕುಗಳಿಗೆ ಅನುಮಾನವೇ ಬರಲಿಲ್ಲ, ಏಕೆಂದರೆ ಕೋತಿ ಮಾಡುತ್ತಿದ್ದುದು ನ್ಯಾಯದ ಕೆಲಸದಂತೆಯೇ ಕಾಣುತ್ತಿತ್ತು.

ಅಮೆರಿಕದಲ್ಲಿ ಕ್ರೀಡೆಗಳ ಮೇಲೆ ಬಾಜಿ ಕಟ್ಟುವ ಒಂದು ಪ್ರಸಿದ್ಧ ವಿಧಾನವಿದೆ. ಅದರ ಹೆಸರು 'ಪಾಯಿಂಟ್ ಸ್ಪ್ರೆಡ್'. ನಾವು ಅದನ್ನು 'ಅಂತರದ ಬಾಜಿ' ಎನ್ನಬಹುದು. ಆ ದೂರದ ವಿಷಯ ನಮ್ಮ ಪುಟಕ್ಕೆ ಏಕೆ ಎಂದು ಓದುಗರು ಕೇಳಬಹುದು. ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳ ಮಕ್ಕಳು ಓದಿಗೋ ಉದ್ಯೋಗಕ್ಕೋ ಆ ದೇಶದಲ್ಲಿದ್ದಾರೆ. 2018ರ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಹೆಚ್ಚಿನ ರಾಜ್ಯಗಳಲ್ಲಿ ಕ್ರೀಡಾ ಬಾಜಿಗೆ ತಡೆಯಾಗಿದ್ದ 1992ರ ಕೇಂದ್ರ ಕಾಯಿದೆಯನ್ನು ರದ್ದುಪಡಿಸಿತು. ಅಂದಿನಿಂದ ಮೂವತ್ತಕ್ಕೂ ಹೆಚ್ಚು ರಾಜ್ಯಗಳು ಈ ಬಾಜಿಗೆ ಅನುಮತಿ ನೀಡಿವೆ. ಹಿಂದೆ ಅದಕ್ಕಾಗಿ ಲಾಸ್ ವೇಗಸ್‌ಗೆ ಹೋಗಬೇಕಿತ್ತು. ಈಗ ಜೇಬಿನ ಫೋನಿನಲ್ಲೇ ಆಗುತ್ತದೆ.

"ಜೂಜು ಕೆಟ್ಟದ್ದು, ಆಡಬೇಡ" ಎಂದು ಮಗನಿಗೆ ಹೇಳಿದರೆ, "ಅಪ್ಪಾ, ಇದು ಇಸ್ಪೀಟಿನಂತೆ ಅದೃಷ್ಟದ ಆಟವಲ್ಲ. ಇದರಲ್ಲಿ ಲೆಕ್ಕವಿದೆ, ಎರಡೂ ಕಡೆ ಸಮನಾದ ಅವಕಾಶವಿದೆ" ಎಂದು ಅವನು ಉತ್ತರಿಸುತ್ತಾನೆ. ಲೆಕ್ಕವಿದೆ ಎಂಬ ಅವನ ಮಾತು ನಿಜ. ಆದ್ದರಿಂದ ಆ ಲೆಕ್ಕವನ್ನೇ ನಾವು ಒಮ್ಮೆ ಕುಳಿತು ನೋಡುವುದು ಒಳ್ಳೆಯದು.

ಅಂತರದ ಬಾಜಿ ಎಂದರೇನು?

ಹನ್ನೆರಡು ವರ್ಷದ ಅಣ್ಣನೂ ಏಳು ವರ್ಷದ ತಮ್ಮನೂ ಓಟದ ಪಂದ್ಯ ಇಟ್ಟುಕೊಂಡರೆ ಯಾರು ಗೆಲ್ಲುತ್ತಾರೆಂಬುದು ಮೊದಲೇ ಗೊತ್ತು. ಆದ್ದರಿಂದ ತಮ್ಮನನ್ನು ಹತ್ತು ಹೆಜ್ಜೆ ಮುಂದೆ ನಿಲ್ಲಿಸುತ್ತೇವೆ. ಆಗ ಫಲಿತಾಂಶ ಹೇಳುವುದು ಕಷ್ಟವಾಗುತ್ತದೆ. ನೋಡುವವರಿಗೂ ಉತ್ಸಾಹ ಹುಟ್ಟುತ್ತದೆ. ಅಂತರದ ಬಾಜಿಯ ತತ್ತ್ವವೂ ಇಷ್ಟೇ. ಒಂದು ವ್ಯತ್ಯಾಸವುಂಟು: ಆ ಹತ್ತು ಹೆಜ್ಜೆಯನ್ನು ಆಟಗಾರರಿಗೆ ಕೊಡುವುದಿಲ್ಲ, ಬಾಜಿ ಕಟ್ಟುವವರ ಲೆಕ್ಕದಲ್ಲಿ ಮಾತ್ರ ಕೊಡುತ್ತಾರೆ.

ಬಲಿಷ್ಠ ತಂಡದ ಹೆಸರಿನ ಮುಂದೆ 'ಮೈನಸ್ 6.5' ಎಂದೂ ದುರ್ಬಲ ತಂಡದ ಮುಂದೆ 'ಪ್ಲಸ್ 6.5' ಎಂದೂ ಬರೆದಿದೆಯೆನ್ನಿ. ಬಲಿಷ್ಠ ತಂಡದ ಮೇಲೆ ಹಣ ಇಟ್ಟವನಿಗೆ ಆ ತಂಡ ಗೆದ್ದರಷ್ಟೇ ಸಾಲದು. ಏಳು ಅಥವಾ ಹೆಚ್ಚಿನ ಅಂಕಗಳ ಅಂತರದಿಂದ ಗೆಲ್ಲಬೇಕು. ದುರ್ಬಲ ತಂಡದ ಮೇಲೆ ಹಣ ಇಟ್ಟವನಿಗೆ ಆ ತಂಡ ಗೆದ್ದರೂ ಸರಿ, ಆರು ಅಂಕಗಳೊಳಗೆ ಸೋತರೂ ಸರಿ, ಬಾಜಿ ಅವನದೇ. ಆ ಅರ್ಧ ಅಂಕ ಏಕೆ? ಆಟದಲ್ಲಿ ಯಾರೂ ಅರ್ಧ ಅಂಕ ಗಳಿಸಲಾರರು. ಆದ್ದರಿಂದ ಬಾಜಿ ಸರಿಸಮವಾಗಿ ನಿಲ್ಲುವುದಿಲ್ಲ. ಒಂದು ಕಡೆಯವರು ಸೋಲಲೇಬೇಕು. ಅಂತರವು ಅರ್ಧವಿಲ್ಲದೆ ಬರಿಯ 6 ಎಂದಿದ್ದು, ತಂಡವೂ ಸರಿಯಾಗಿ ಆರು ಅಂಕಗಳಿಂದ ಗೆದ್ದರೆ, ಎಲ್ಲರ ಹಣವನ್ನೂ ಹಿಂದಿರುಗಿಸುತ್ತಾರೆ.

ನಿಜವಾದ ಉದಾಹರಣೆ ನೋಡೋಣ. ಅಮೆರಿಕನ್ ಫುಟ್‌ಬಾಲಿನ ವಾರ್ಷಿಕ ಅಂತಿಮ ಪಂದ್ಯಕ್ಕೆ 'ಸೂಪರ್ ಬೌಲ್' ಎಂದು ಹೆಸರು. 1969ರ ಜನವರಿ 12ರಂದು ನಡೆದ ಪಂದ್ಯದಲ್ಲಿ ಬಾಲ್ಟಿಮೋರ್ ಕೋಲ್ಟ್ಸ್ ತಂಡ ನ್ಯೂಯಾರ್ಕ್ ಜೆಟ್ಸ್ ತಂಡಕ್ಕಿಂತ 18 ಅಂಕಗಳಷ್ಟು ಮೇಲು ಎಂದು ಬಾಜಿಯವರು ಅಂತರ ಇಟ್ಟಿದ್ದರು. ಜೆಟ್ಸ್ 17 ಅಂಕಗಳಿಂದ ಸೋತಿದ್ದರೂ ಅದರ ಕಡೆ ಹಣ ಇಟ್ಟವರು ಗೆಲ್ಲುತ್ತಿದ್ದರು. ಆದರೆ ಜೆಟ್ಸ್ ಸೋಲಲೇ ಇಲ್ಲ. 16-7ರಿಂದ ಪಂದ್ಯವನ್ನೇ ಗೆದ್ದಿತು.

ಈ ಏರ್ಪಾಡು ಹುಟ್ಟಿದ್ದೇಕೆ?

ಅಂತರದ ಬಾಜಿಯನ್ನು 1940ರ ದಶಕದಲ್ಲಿ ರೂಢಿಗೆ ತಂದವನೆಂದು ಸಾಮಾನ್ಯವಾಗಿ ಹೆಸರಿಸುವುದು ಷಿಕಾಗೊ ನಗರದ ಚಾರ್ಲ್ಸ್ ಮೆಕ್‌ನೀಲ್ ಎಂಬವನನ್ನು. ಅವನು ಗಣಿತದ ಮೇಷ್ಟರಾಗಿದ್ದು, ಬ್ಯಾಂಕಿನಲ್ಲೂ ಕೆಲಸ ಮಾಡಿ, ಅನಂತರ ಬಾಜಿಯ ವ್ಯಾಪಾರಕ್ಕೆ ಇಳಿದವನು.

ಅದಕ್ಕೆ ಮುಂಚೆ ಬಾಜಿಯವರು ಕುದುರೆ ಜೂಜಿನಂತೆ 'ಒಂದಕ್ಕೆ ಮೂರು', 'ಒಂದಕ್ಕೆ ಹತ್ತು' ಎಂಬ ದರವನ್ನು ಇಡುತ್ತಿದ್ದರು. ಅತಿ ಬಲಿಷ್ಠ ತಂಡವೊಂದು ಅತಿ ದುರ್ಬಲ ತಂಡವನ್ನು ಎದುರಿಸಿದಾಗ ಈ ದರ ಉಪಯೋಗಕ್ಕೆ ಬರುತ್ತಿರಲಿಲ್ಲ. ಎಲ್ಲರೂ ಬಲಿಷ್ಠ ತಂಡದ ಕಡೆಗೇ ನುಗ್ಗುತ್ತಿದ್ದರು. ತಕ್ಕಡಿಯ ಒಂದೇ ತಟ್ಟೆ ತುಂಬಿದರೆ ವ್ಯಾಪಾರ ಮಾಡುವುದು ಹೇಗೆ? ಅಂತರವನ್ನು ಇಟ್ಟ ಕೂಡಲೇ ಈ ತೊಡಕು ಬಿಡಿಸಿತು. ಯಾವ ಪಂದ್ಯವೇ ಆಗಲಿ, ಎಷ್ಟೇ ಏಕಪಕ್ಷೀಯವಾಗಿರಲಿ, ಎರಡು ಕಡೆಗೂ ಗಿರಾಕಿಗಳು ಸಿಕ್ಕರು. ನೋಡಲು ಯಾರಿಗೂ ಬೇಡವಾದ ಪಂದ್ಯವೂ ಬಾಜಿಗೆ ಯೋಗ್ಯವಾಯಿತು.

ಅಂಕಿ ಭವಿಷ್ಯವಾಣಿಯಲ್ಲ

ಆ ಅಂಕಿಯನ್ನು ಪಂಡಿತರ ಭವಿಷ್ಯವೆಂದು ಅನೇಕರು ತಿಳಿಯುತ್ತಾರೆ. ತಂಡಗಳ ಬಲಾಬಲವನ್ನು ನೋಡಿಯೇ ಮೊದಲ ಅಂಕಿಯನ್ನು ಇಡುವುದು ನಿಜ. ಆದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ಒಂದು ಕಡೆಗೆ ಹಣ ಹೆಚ್ಚಾಗಿ ಬಂದರೆ ಇನ್ನೊಂದು ಕಡೆಗೆ ಗಿರಾಕಿಗಳನ್ನು ಸೆಳೆಯಲು ಅಂಕಿಯನ್ನು ಸರಿಸುತ್ತಾರೆ. ಅಂದರೆ ಆಟದ ಬಲಾಬಲದ ಜೊತೆಗೆ ಹಣ ಬರುತ್ತಿರುವ ದಿಕ್ಕನ್ನೂ ಅದು ತೋರಿಸುತ್ತದೆ.

1979ರ ಜನವರಿ 21ರ ಸೂಪರ್ ಬೌಲ್ ಇದಕ್ಕೆ ಸಾಕ್ಷಿ. ಪಿಟ್ಸ್‌ಬರ್ಗ್ ತಂಡಕ್ಕೆ ಮೊದಲು ಮೂರೂವರೆ ಅಂಕಗಳ ಅಂತರ ಇಟ್ಟಿದ್ದರು. ಪಿಟ್ಸ್‌ಬರ್ಗ್ ಕಡೆಗೆ ಹಣ ಹರಿಯಿತು. ಬಾಜಿಯವರು ಅಂತರವನ್ನು ನಾಲ್ಕೂವರೆಗೆ ಏರಿಸಿದರು. ಆಗ ಎದುರಾಳಿ ಡಲ್ಲಾಸ್ ಕಡೆಗೆ ಹಣ ಬಂತು. ಪಂದ್ಯ 35-31ರಲ್ಲಿ ಮುಗಿಯಿತು. ಅಂತರ ಸರಿಯಾಗಿ ನಾಲ್ಕು! ಮೂರೂವರೆಗೆ ಪಿಟ್ಸ್‌ಬರ್ಗ್ ಹಿಡಿದವರೂ ಗೆದ್ದರು, ನಾಲ್ಕೂವರೆಗೆ ಡಲ್ಲಾಸ್ ಹಿಡಿದವರೂ ಗೆದ್ದರು. ಬಾಜಿಯವರು ಎರಡು ಕಡೆಗೂ ಹಣ ಕೊಡಬೇಕಾಯಿತು. ಅವರು ಆ ದಿನವನ್ನು 'ಕರಾಳ ಭಾನುವಾರ' ಎಂದು ಕರೆದರು. ಅಂಥ ದಿನ ಎಷ್ಟು ಅಪರೂಪವೆಂದರೆ, ಅದಕ್ಕೊಂದು ಹೆಸರಿಟ್ಟು ಇಂದಿಗೂ ನೆನಪಿಟ್ಟುಕೊಂಡಿದ್ದಾರೆ. ಗಿರಾಕಿಗಳು ಕಳೆದುಕೊಳ್ಳುವ ಭಾನುವಾರಗಳಿಗೆ ಮಾತ್ರ ಯಾರೂ ಹೆಸರಿಟ್ಟಿಲ್ಲ.

ಹನ್ನೊಂದು ಇಟ್ಟರೆ ಹತ್ತು

ಎರಡು ಕಡೆಯೂ ಹೆಚ್ಚು ಕಡಿಮೆ ಸಮವಾದರೆ ಬಾಜಿಯವನಿಗೆ ಲಾಭವೆಲ್ಲಿಂದ? ಬೆಣ್ಣೆ ಕರಗುವ ಜಾಗ ಇದೇ. ರೂಢಿಯಲ್ಲಿರುವ ನಿಯಮದಂತೆ, 100 ಡಾಲರ್ ಗೆಲ್ಲಲು 110 ಡಾಲರ್ ಇಡಬೇಕು. ಒಬ್ಬನು ಒಂದು ಕಡೆಗೆ 110, ಇನ್ನೊಬ್ಬನು ಮತ್ತೊಂದು ಕಡೆಗೆ 110 ಇಟ್ಟರೆ ಒಟ್ಟು 220 ಡಾಲರ್ ಸೇರಿತು. ಗೆದ್ದವನಿಗೆ ಅವನ 110ರ ಜೊತೆಗೆ 100, ಅಂದರೆ 210 ಸಿಗುತ್ತದೆ. ಉಳಿದ 10 ಡಾಲರ್ ತಕ್ಕಡಿ ಹಿಡಿದವನ ಪಾಲು. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ.

ಈಗ ಗಿರಾಕಿಯ ಕಡೆಯಿಂದ ನೋಡೋಣ. ಒಬ್ಬನು ಹೀಗೆ ನೂರು ಬಾಜಿ ಕಟ್ಟಿ, ಸರಿಯಾಗಿ ಐವತ್ತು ಗೆದ್ದು ಐವತ್ತು ಸೋತನೆನ್ನಿ. ಗೆದ್ದದ್ದು 5,000 ಡಾಲರ್, ಕಳೆದುಕೊಂಡದ್ದು 5,500. ಅಲ್ಲಿಗೆ 500 ಡಾಲರ್ ನಷ್ಟ. ನೂರಕ್ಕೆ 52 ಗೆದ್ದರೆ ಲಾಭ ಬರಬೇಡವೇ? ಲೆಕ್ಕ ಹಾಕಿ: 5,200 ಬಂತು, ಸೋತ 48 ಬಾಜಿಗಳಿಗೆ 5,280 ಹೋಯಿತು. ಇನ್ನೂ 80 ಡಾಲರ್ ನಷ್ಟವೇ. ನೂರಕ್ಕೆ 53 ಗೆದ್ದಾಗ ಮಾತ್ರ ಕೈಗೆ ಏನಾದರೂ ಸಿಗುತ್ತದೆ. ಗಣಿತದ ಪ್ರಕಾರ ಲಾಭನಷ್ಟಗಳ ಗಡಿ ಇರುವುದು ಶೇಕಡಾ 52.38ರಲ್ಲಿ.

ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು, ಅದೇನು ಮಹಾ ಎಂದು ತರುಣರಿಗೆ ಅನಿಸುತ್ತದೆ. ಆದರೆ ಎರಡು ಕಡೆಯೂ ಸಮನಾಗುವಂತೆ ಎಣಿಸಿಯೇ ಆ ಅಂಕಿಯನ್ನು ಇಟ್ಟಿರುತ್ತಾರೆ ಎಂಬುದನ್ನು ಮರೆಯಬಾರದು. ಅಂಥ ಅಂಕಿಯೆದುರು ವರ್ಷಗಟ್ಟಲೆ ನೂರಕ್ಕೆ 53 ಸಲ ಸರಿಯಾಗಿ ಊಹಿಸುವುದು ಅತಿ ಕಷ್ಟದ ಕೆಲಸ.

ಇದರಲ್ಲೊಂದು ಮನಸ್ಸಿನ ಬಲೆಯೂ ಇದೆ. ಲಾಟರಿ ಕೊಳ್ಳುವವನು ಹೆಚ್ಚಾಗಿ ಸೋಲುತ್ತಲೇ ಇರುತ್ತಾನೆ. ಸೋಲು ಅವನಿಗೆ ಕಾಣುತ್ತದೆ. ಅಂತರದ ಬಾಜಿಯವನು ಎರಡಕ್ಕೊಂದು ಸಲ ಗೆಲ್ಲುತ್ತಿರುತ್ತಾನೆ. ಗೆದ್ದಾಗ ತನ್ನ ಬುದ್ಧಿಯೆನ್ನುತ್ತಾನೆ, ಸೋತಾಗ 'ಅರ್ಧ ಅಂಕದಿಂದ ತಪ್ಪಿತು' ಎನ್ನುತ್ತಾನೆ. ಬ್ಯಾಂಕಿನ ಪುಸ್ತಕ ಮಾತ್ರ ನಿಧಾನವಾಗಿ ಬರಿದಾಗುತ್ತದೆ.

ನಿಧಾನ ಸಾಲದವರಿಗೆ 'ಪಾರ್ಲೆ' ಎಂಬ ಇನ್ನೊಂದು ಬಗೆಯಿದೆ. ಎರಡು ಮೂರು ಪಂದ್ಯಗಳನ್ನು ಒಂದೇ ಬಾಜಿಯಲ್ಲಿ ಪೋಣಿಸುವುದು. ಎಲ್ಲವೂ ಸರಿಯಾದರೆ ಮಾತ್ರ ಹಣ. ಮೂರು ಪಂದ್ಯಗಳನ್ನು ಪೋಣಿಸಿದರೆ ಒಂದಕ್ಕೆ ಆರು ಕೊಡುವುದು ಹಳೆಯ ರೂಢಿ. ಆರುಪಟ್ಟು ಎಂದಾಗ ಬಾಯಲ್ಲಿ ನೀರೂರುತ್ತದೆ. ಆದರೆ ಸಮಬಲದ ಮೂರು ಪಂದ್ಯಗಳು ಮುಗಿಯಬಹುದಾದ ಬಗೆಗಳು ಎಂಟು. ಗಿರಾಕಿ ಗೆಲ್ಲುವುದು ಅವುಗಳಲ್ಲಿ ಒಂದರಲ್ಲಿ ಮಾತ್ರ. ನ್ಯಾಯವಾಗಿ ಒಂದಕ್ಕೆ ಏಳು ಕೊಡಬೇಕಿತ್ತು. ಒಂದೇ ಬಾಜಿಯಲ್ಲಿ ತಿಂದ ಬೆಣ್ಣೆಗಿಂತ ಇಲ್ಲಿ ತಿನ್ನುವುದು ಹೆಚ್ಚು.

ಗೆದ್ದೂ ದ್ರೋಹ ಮಾಡುವ ದಾರಿ

ಹಣದ ನಷ್ಟಕ್ಕಿಂತ ಗಂಭೀರವಾದ ಸಂಗತಿಯೊಂದಿದೆ. ಆಟಗಾರನೊಬ್ಬನಿಗೆ ಲಂಚ ಕೊಟ್ಟು "ಸೋಲು" ಎಂದರೆ ಅವನ ಆತ್ಮಸಾಕ್ಷಿ ಎಚ್ಚರಗೊಳ್ಳುತ್ತದೆ. ಅಂತರದ ಬಾಜಿಯಲ್ಲಿ ಸೋಲಬೇಕೆಂದು ಕೇಳುವುದೇ ಇಲ್ಲ. "ನಿಮ್ಮ ತಂಡವೇ ಗೆಲ್ಲಲಿ. ಹತ್ತು ಅಂಕಗಳ ಬದಲು ಐದರಿಂದ ಗೆಲ್ಲಿ, ಅಷ್ಟೇ. ಇದರಿಂದ ಯಾರಿಗೆ ನಷ್ಟ?" ಎಂದು ಕೇಳುತ್ತಾರೆ. ಪಾಪವು ಎಂದೂ ತನ್ನ ನಿಜವಾದ ಹೆಸರು ಹೇಳಿಕೊಂಡು ಬಾಗಿಲು ತಟ್ಟುವುದಿಲ್ಲ. ಈ ಮೋಸಕ್ಕೆ ಅಮೆರಿಕದಲ್ಲಿ 'ಪಾಯಿಂಟ್ ಶೇವಿಂಗ್' ಎನ್ನುತ್ತಾರೆ: ಅಂಕಗಳನ್ನು ಕೆರೆದು ತೆಗೆಯುವುದು.

1951ರ ಜನವರಿಯಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಟನ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಆಟಗಾರ ಜೂನಿಯಸ್ ಕೆಲಾಗ್‌ಗೆ ಇಂಥದೇ ಆಮಿಷ ಬಂತು. ಅದು ದೆ ಲಾ ಸಾಲ್ ಕ್ರೈಸ್ತ ಸಹೋದರರು ಸ್ಥಾಪಿಸಿದ ಕಥೋಲಿಕ ಕಾಲೇಜು. ಕೆಲಾಗ್ ಆ ತಂಡದ ಮೊದಲ ಕಪ್ಪು ವರ್ಣದ ಆಟಗಾರ; ವಿದ್ಯಾರ್ಥಿವೇತನದಿಂದ ಓದುತ್ತಿದ್ದವನು. ಡಿಪಾಲ್ ವಿಶ್ವವಿದ್ಯಾನಿಲಯದ ವಿರುದ್ಧದ ಪಂದ್ಯದಲ್ಲಿ ಅಂತರವನ್ನು ಹೊಂದಿಸಿಕೊಟ್ಟರೆ 1,000 ಡಾಲರ್ ಕೊಡುವುದಾಗಿ ಅವನದೇ ಕಾಲೇಜಿನ ಮಾಜಿ ಆಟಗಾರನೊಬ್ಬ ಹೇಳಿದ. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಕೆಲಾಗ್ ನೇರವಾಗಿ ತನ್ನ ತರಬೇತುದಾರನ ಬಳಿಗೆ ಹೋಗಿ ವಿಷಯ ತಿಳಿಸಿದ. ಕಾಲೇಜು ಪೊಲೀಸರಿಗೆ ದೂರು ಕೊಟ್ಟಿತು. ಆ ಒಬ್ಬ ತರುಣನ 'ಇಲ್ಲ' ಎಂಬ ಮಾತಿನಿಂದ ಆರಂಭವಾದ ತನಿಖೆಯಲ್ಲಿ ಏಳು ಕಾಲೇಜುಗಳ 32 ಆಟಗಾರರ ಹೆಸರು ಹೊರಬಂತು. 1950ರಲ್ಲಿ ಎರಡು ರಾಷ್ಟ್ರೀಯ ಪಂದ್ಯಾವಳಿಗಳನ್ನೂ ಗೆದ್ದು ಮೆರೆದಿದ್ದ ನ್ಯೂಯಾರ್ಕ್ ಸಿಟಿ ಕಾಲೇಜಿನ ಆಟಗಾರರೂ ಅವರಲ್ಲಿದ್ದರು.

1954ರಲ್ಲಿ ಕಾರು ಅಪಘಾತದಲ್ಲಿ ಕೆಲಾಗ್‌ನ ದೇಹ ನಿಶ್ಚೇಷ್ಟಿತವಾಯಿತು. ಆದರೂ ಅವನು ಗಾಲಿಕುರ್ಚಿಯಲ್ಲಿ ಕುಳಿತೇ, ಗಾಲಿಕುರ್ಚಿ ಬ್ಯಾಸ್ಕೆಟ್‌ಬಾಲ್ ಆಡುವವರಿಗೆ ತರಬೇತಿ ಕೊಟ್ಟ. 1998ರಲ್ಲಿ ತೀರಿಕೊಂಡ. ಪ್ರಾಮಾಣಿಕತೆಗೆ ಈ ಲೋಕದಲ್ಲಿ ತಕ್ಷಣ ಬಹುಮಾನ ಸಿಗುತ್ತದೆಂದು ಅವನ ಬಾಳು ಹೇಳುವುದಿಲ್ಲ. ತಲೆಯೆತ್ತಿ ಬಾಳಬಹುದೆಂದು ಹೇಳುತ್ತದೆ.

ಕಥೋಲಿಕ ಕಾಲೇಜೆಂದ ಮಾತ್ರಕ್ಕೆ ಎಲ್ಲರೂ ಕೆಲಾಗ್ ಆಗಲಿಲ್ಲ. ಯೇಸುಸಭೆಯ ಗುರುಗಳು ಸ್ಥಾಪಿಸಿದ ಬಾಸ್ಟನ್ ಕಾಲೇಜಿನಲ್ಲಿ 1978-79ರ ಋತುವಿನಲ್ಲಿ ಇದೇ ಮೋಸ ನಡೆಯಿತು. 1981ರಲ್ಲಿ ಆಟಗಾರನೊಬ್ಬ ತಪ್ಪಿತಸ್ಥನೆಂದು ತೀರ್ಪಾಗಿ ಸೆರೆಮನೆಗೆ ಹೋದ. ಕ್ರಿಕೆಟಿಗೂ ಈ ರೋಗ ಅಂಟಿದೆ. 2000ದ ಮಾರ್ಚಿನಲ್ಲಿ ನಾಗಪುರದ ಪಂದ್ಯದಲ್ಲಿ ಇಪ್ಪತ್ತು ರನ್ನಿನೊಳಗೆ ಔಟಾಗಬೇಕೆಂದು ದಕ್ಷಿಣ ಆಫ್ರಿಕದ ನಾಯಕ ಹ್ಯಾನ್ಸಿ ಕ್ರೋನಿಯೆ ತನ್ನ ಆಟಗಾರ ಹರ್ಷಲ್ ಗಿಬ್ಸ್‌ಗೆ ಹಣದ ಆಮಿಷ ಒಡ್ಡಿದ್ದು ವಿಚಾರಣೆಯಲ್ಲಿ ಬಯಲಾಯಿತು. ಒಪ್ಪಿಕೊಂಡಿದ್ದ ಗಿಬ್ಸ್ ಮೈದಾನಕ್ಕಿಳಿದ ಮೇಲೆ 74 ರನ್ ಹೊಡೆದ. ಆದರೂ ಒಪ್ಪಿಕೊಂಡದ್ದಕ್ಕೆ ಶಿಕ್ಷೆ ಅನುಭವಿಸಿದ. 2024ರಲ್ಲಿ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಟಗಾರ ಜಾಂಟೆ ಪೋರ್ಟರ್‌ಗೆ ಆಜೀವ ನಿಷೇಧ ಬಿತ್ತು. ತನ್ನ ಅಂಕಗಳು ಕಡಿಮೆಯಾಗುತ್ತವೆಂದು ಬಾಜಿ ಕಟ್ಟಿದವರು ಗೆಲ್ಲಲಿ ಎಂದು ಅವನು ಪಂದ್ಯದ ನಡುವೆಯೇ ಹೊರನಡೆದಿದ್ದ. ಅವನು ಜೂಜಿನ ಸಾಲದಲ್ಲಿ ಸಿಲುಕಿದ್ದನೆಂಬುದನ್ನು ಇಲ್ಲಿ ಗಮನಿಸಬೇಕು. ತಕ್ಕಡಿಯ ಮುಂದೆ ಕುಳಿತ ಬೆಕ್ಕನ್ನೇ ಕೊನೆಗೆ ಮೋಸಕ್ಕೆ ಬಳಸಿಕೊಂಡರು.

ಧರ್ಮಸಭೆ ಏನು ಹೇಳುತ್ತದೆ?

"ಹಾಗಾದರೆ ನಮ್ಮ ಚರ್ಚಿನ ಹಬ್ಬದಲ್ಲಿ ತಂಬೋಲಾ ಆಡಿಸುತ್ತೀರಲ್ಲ?" ಎಂದು ಮಕ್ಕಳು ಕೇಳಿದರೆ ಸಿಟ್ಟಾಗಬಾರದು. ಅದು ನ್ಯಾಯವಾದ ಪ್ರಶ್ನೆ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವು ಏಳನೆಯ ಆಜ್ಞೆಯನ್ನು ವಿವರಿಸುವಾಗ, 2413ನೆಯ ಪರಿಚ್ಛೇದದಲ್ಲಿ ಈ ವಿಷಯವನ್ನು ಎತ್ತಿಕೊಳ್ಳುತ್ತದೆ. ಅದರ ಸಾರಾಂಶ ಹೀಗಿದೆ: ಅದೃಷ್ಟದ ಆಟಗಳೂ ಪಣಗಳೂ ತಮ್ಮಷ್ಟಕ್ಕೆ ತಾವೇ ನ್ಯಾಯಕ್ಕೆ ವಿರುದ್ಧವಲ್ಲ. ತನ್ನ ಅಥವಾ ತನ್ನವರ ಅಗತ್ಯಕ್ಕೆ ಬೇಕಾದುದನ್ನು ಅವು ಕಸಿದುಕೊಂಡಾಗ ಒಪ್ಪತಕ್ಕವಲ್ಲ. ಜೂಜಿನ ಗೀಳು ಮನುಷ್ಯನನ್ನು ದಾಸನನ್ನಾಗಿ ಮಾಡುವ ಅಪಾಯವಿದೆ. ಅನ್ಯಾಯದ ಪಣವೂ ಆಟದಲ್ಲಿ ಮೋಸವೂ, ಹಾನಿ ತೀರ ಅಲ್ಪವಾದುದಲ್ಲದಿದ್ದರೆ, ಗಂಭೀರ ವಿಷಯಗಳು.

ಹಬ್ಬದ ತಂಬೋಲಾದಲ್ಲಿ ಟಿಕೇಟಿನ ಬೆಲೆ ಗೊತ್ತು, ಹಣ ಎಲ್ಲಿಗೆ ಹೋಗುತ್ತದೆಂಬುದೂ ಗೊತ್ತು, ಸಂಜೆಗೆ ಆಟ ಮುಗಿಯುತ್ತದೆ. ಫೋನಿನ ಬಾಜಿಗೆ ಸಂಜೆಯೇ ಇಲ್ಲ. ಆದರೂ ಚರ್ಚಿನ ಅಂಗಳವೆಂದು ನಾವು ಮೈಮರೆಯಬಾರದು. ಮನೆಯ ದಿನಸಿಯ ಹಣದಿಂದ ಟಿಕೇಟಿನ ಮೇಲೆ ಟಿಕೇಟು ಕೊಳ್ಳುವವರು ಅಲ್ಲಿದ್ದರೂ ಅದು ತಪ್ಪೇ. ಆ ಹಣ ಇಲ್ಲದಿದ್ದರೆ ಮನೆಯಲ್ಲಿ ಯಾರಿಗಾದರೂ ಕೊರತೆಯಾಗುತ್ತದೆಯೇ? ಬೇಕೆಂದಾಗ ನಿಲ್ಲಿಸಲು ಸಾಧ್ಯವೇ? ಆಟ ಎಲ್ಲರಿಗೂ ಪ್ರಾಮಾಣಿಕವಾಗಿದೆಯೇ? ಈ ಮೂರು ಪ್ರಶ್ನೆಗಳು ಎರಡು ಕಡೆಗೂ ಅನ್ವಯಿಸುತ್ತವೆ. ಕಳ್ಳತಕ್ಕಡಿಯನ್ನು ದೇವರು ಅಸಹ್ಯಪಡುತ್ತಾರೆಂದು ಜ್ಞಾನೋಕ್ತಿಗಳ ಗ್ರಂಥವೂ ನಮಗೆ ಬೋಧಿಸುತ್ತದೆ.

ನಮ್ಮ ಮನೆಗಳಲ್ಲಿ

ನಮ್ಮಲ್ಲಿ ಕ್ರಿಕೆಟ್ ಬುಕ್ಕಿಗಳು ಇಷ್ಟು ಓವರುಗಳಿಗೆ ಇಷ್ಟು ರನ್ ಎಂದು ಅಂಕಿ ಇಟ್ಟು, ಅದಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಕಟ್ಟಿಸಿಕೊಳ್ಳುವ 'ಸೆಷನ್' ಬಾಜಿ ಇದರ ಹತ್ತಿರದ ನೆಂಟ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಡೆಸುವುದನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾಯಿದೆಯನ್ನು ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಕಾಯಿದೆ ಅಂಗಡಿಯ ಬಾಗಿಲು ಮುಚ್ಚಿಸಬಹುದು. ಮನಸ್ಸಿನ ಬಾಗಿಲನ್ನು ಕಾಯುವ ಹೊಣೆ ಕುಟುಂಬದ್ದು.

ತಂದೆತಾಯಿಗಳು ಮಕ್ಕಳೊಡನೆ ಕಾಗದ ಪೆನ್ಸಿಲ್ ಹಿಡಿದು ಮೇಲಿನ ನೂರು ಬಾಜಿಯ ಲೆಕ್ಕವನ್ನು ಒಮ್ಮೆ ಮಾಡಲಿ. ಗದರಿಕೆಗಿಂತ ಆ ಕಾಗದ ಹೆಚ್ಚು ದಿನ ನೆನಪಿನಲ್ಲಿ ಉಳಿಯುತ್ತದೆ. ಕಳೆದುಕೊಂಡದ್ದನ್ನು ಮರಳಿ ಪಡೆಯಲೆಂದು ಇನ್ನೂ ದೊಡ್ಡ ಬಾಜಿ ಕಟ್ಟುವುದು, ಹಣದ ವಿಷಯದಲ್ಲಿ ಸುಳ್ಳು ಹೇಳುವುದು, ಗೆಳೆಯರಲ್ಲಿ ಸಾಲ ಕೇಳುವುದು ಗೀಳಿನ ಲಕ್ಷಣಗಳು. ಅಂಥ ಮಗ ಒಪ್ಪಿಕೊಂಡು ಬಂದರೆ ಅವನನ್ನು ಮೊದಲು ಊಟಕ್ಕೆ ಕೂರಿಸಿ. ಲೆಕ್ಕ ಆಮೇಲೆ ಕೇಳಿ. ದುಂದುಗಾರ ಮಗನ ತಂದೆ ಮಾಡಿದ್ದೂ ಅದನ್ನೇ. ಆದರೆ ಸಾಲವನ್ನೆಲ್ಲ ಗುಟ್ಟಾಗಿ ತೀರಿಸಿ ವಿಷಯ ಮುಚ್ಚಿಡಬೇಡಿ. ಗುರುಗಳ, ವೈದ್ಯರ, ಆಪ್ತಸಮಾಲೋಚಕರ ನೆರವು ಪಡೆಯಿರಿ. ಜೂಜು ಬಿಡಲು ಒಬ್ಬರಿಗೊಬ್ಬರು ನೆರವಾಗುವ 'ಗ್ಯಾಂಬ್ಲರ್ಸ್ ಅನಾನಿಮಸ್' ಎಂಬ ಸಂಘ 1957ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಆರಂಭವಾಗಿ ಅನೇಕ ದೇಶಗಳಿಗೆ ಹರಡಿದೆ. ಅಮೆರಿಕದಲ್ಲಿರುವ ನಮ್ಮ ಮಕ್ಕಳಿಗೆ ಈ ಹೆಸರು ಗೊತ್ತಿರಲಿ.

ಕುಟುಂಬದಲ್ಲಿ ಚರ್ಚಿಸಲು

1. ನೂರಕ್ಕೆ ಐವತ್ತು ಬಾಜಿ ಗೆದ್ದವನು ಹಣ ಕಳೆದುಕೊಳ್ಳುವುದು ಹೇಗೆ? ಮನೆಯ ಕಿರಿಯರು ಹಿರಿಯರಿಗೆ ವಿವರಿಸಲಿ.

2. "ನಮ್ಮ ತಂಡ ಗೆದ್ದಿತಲ್ಲ, ಯಾರಿಗೆ ನಷ್ಟ?" ಎಂದು ಅಂಕ ಕೆರೆದ ಆಟಗಾರ ಕೇಳಿದರೆ ನಿಮ್ಮ ಉತ್ತರವೇನು? ಜೊತೆ ಆಟಗಾರರನ್ನೂ ಟಿಕೇಟು ಕೊಂಡು ಬಂದವರನ್ನೂ ನೆನೆಸಿಕೊಂಡು ಹೇಳಿ.

3. ಕೆಲಾಗ್ ಸುಮ್ಮನೆ ಹಣ ಬೇಡವೆಂದಿದ್ದರೆ ಸಾಕಾಗುತ್ತಿತ್ತೇ? ತಿಳಿಸಬೇಕಾದವರಿಗೆ ತಿಳಿಸುವುದೂ ಅವನ ಕರ್ತವ್ಯವಾಗಿತ್ತೇ?

4. ಬಾಜಿಯಿಲ್ಲದೆ ಒಂದು ಪಂದ್ಯವನ್ನು ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡಿ ಎಷ್ಟು ದಿನವಾಯಿತು? ಈ ಭಾನುವಾರವೇ ನೋಡಬಹುದಲ್ಲವೇ?